ಮೂರು ತಿಂಗಳ ಎಡಚ

ಬೆಟ್ಟ ಸತ್ತ ಬೆಳಿಗ್ಗೆ ಊರಿಗೆ ಊರೇ ಅತ್ತಿತು. ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸೂ ಗಳಗಳನೆ ಅತ್ತಳು. ಆದರೆ ಅವಳು ಅತ್ತದ್ದು ಬೆಟ್ಟನಿಗಲ್ಲ, ಒಂದು ಕಾಗದಕ್ಕೆ.

ಬೆಟ್ಟ ಯಾರೆಂದು ಆ ಊರಿನಲ್ಲಿ ಮಗುವಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆರೂವರೆ ಅಡಿ ಎತ್ತರದ ಆಳು, ಹೆವಿವೇಯ್ಟ್ ಬಾಕ್ಸಿಂಗ್‌ನಲ್ಲಿ ಹನ್ನೊಂದು ವರ್ಷ ಒಂದೇ ಸಮನೆ ಗೆದ್ದವನು. ‘ಬೆಟ್ಟ’ ಎಂದು ಹೆಸರಿಟ್ಟದ್ದು ಪತ್ರಿಕೆಯವರು. ಅವತ್ತು ಅದೇ ಪತ್ರಿಕೆಯವರು ‘ಬೆಟ್ಟ ಕುಸಿಯಿತು’ ಎಂದು ಅಂಗೈ ಅಗಲದ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಲಾಂಡ್ರಿಯ ರೇಡಿಯೋ ಬೆಳಗಿನಿಂದ ಬಾಯಿ ಮುಚ್ಚಿರಲಿಲ್ಲ. ಒಗೆಯುವವಳು ತನ್ನ ಮಾವನ ಭುಜದ ಮೇಲೆ ಬೆಟ್ಟ ಒಮ್ಮೆ ಕೈ ಇಟ್ಟಿದ್ದನೆಂದಳು. ಮಡಿಸುವವಳು ತನ್ನಣ್ಣ ಅವನ ಜೊತೆ ಲಿಫ್ಟಿನಲ್ಲಿ ನಾಲ್ಕು ಮಹಡಿ ಹೋಗಿದ್ದನೆಂದಳು. ದೊಡ್ಡವರು ಸತ್ತ ದಿನ ಎಲ್ಲರಿಗೂ ಎಲ್ಲಿಂದಲೋ ನೆಂಟಸ್ತನ ಹುಟ್ಟಿಕೊಳ್ಳುತ್ತದೆ ನೋಡಿ. ಲಿಫ್ಟಿನ ನೆಂಟಸ್ತನವೂ ನೆಂಟಸ್ತನವೇ!

“ಏನಮ್ಮಾ, ನಿಂಗೂ ಅವ್ರು ಅಂದ್ರೆ ಅಷ್ಟೊಂದು ಪ್ರಾಣಾನಾ?” ಎಂದು ಮೇಲ್ವಿಚಾರಕಿ ಅವಳ ಬೆನ್ನು ಸವರಿದಳು.

“ಪ್ರಾಣವಂತೆ, ಮಣ್ಣಂಗಟ್ಟಿ,” ಎಂದಳು ಇಸ್ತ್ರಿಯಾಕೆ, ತೋಳಿಗೆ ಮೂಗೊರೆಸಿಕೊಂಡು. “ಇನ್ನೊಂದು ತಿಂಗಳು ಇದ್ದಿದ್ರೆ ಅವರ ಗಂಟೇನು ಹೋಗ್ತಿತ್ತು?”

ಮೇಲ್ವಿಚಾರಕಿ ಅದನ್ನೂ ದುಃಖದ ಮಾತೆಂದೇ ತಿಳಿದು ಅರ್ಧ ದಿನ ರಜೆ ಕೊಟ್ಟಳು.

ಕಾಗದದ ವಿಷಯಕ್ಕೆ ಬರುವ ಮೊದಲು ಅವಳ ಗಂಡನ ವಿಷಯ ಹೇಳಬೇಕು. ಹೇಳುವವರು ಬೇರೆ ಯಾರೂ ಇಲ್ಲ. ತಾಲೀಮಿನ ಹಾಲಿನಲ್ಲಿ ಅವನನ್ನು ಎಲ್ಲರೂ ಮೂಟೆ ಎಂದು ಕರೆಯುತ್ತಿದ್ದರು. ಬೆಟ್ಟನ ಕೈಯಲ್ಲಿ ಹೊಡೆಸಿಕೊಳ್ಳುವುದೇ ಅವನ ಕಸುಬು. ಆ ಹನ್ನೊಂದು ವರ್ಷವೂ ಅದೇ ಮಾಡಿದ. ಹಾಗಂತ ಸುಮ್ಮನೆ ನಿಂತು ಏಟು ತಿನ್ನುವ ಮೂಟೆಯಲ್ಲ ಅವನು. ಮುಂದಿನ ಪಂದ್ಯದಲ್ಲಿ ಬೆಟ್ಟನಿಗೆ ಎದುರಾಗುವವನು ಯಾರೋ, ತಾಲೀಮಿನಲ್ಲಿ ಇವನು ಅವನೇ ಆಗಿ ನಿಲ್ಲಬೇಕಿತ್ತು. ಹಳೆಯ ಪಂದ್ಯಗಳ ರೀಲು ಹಾಕಿ ಹಾಕಿ ನೋಡುತ್ತಿದ್ದ. ಎದುರಾಳಿ ತಲೆ ತಗ್ಗಿಸಿ ನುಗ್ಗುವವನಾದರೆ ಇವನೂ ತಲೆ ತಗ್ಗಿಸಿ ನುಗ್ಗುತ್ತಿದ್ದ. ಹೊಡೆಯುವ ಮುಂಚೆ ಮೂಗು ಸೊರಗುಟ್ಟಿಸುವವನಾದರೆ ಇವನೂ ಸೊರಗುಟ್ಟಿಸುತ್ತಿದ್ದ. ಹೀಗೆ ಹತ್ತೊಂಬತ್ತು ಪಂದ್ಯಕ್ಕೆ ಹತ್ತೊಂಬತ್ತು ಜನರಾದ. ತಾನೇ ತಾನಾಗಿ ಒಂದು ಸಂಜೆಯೂ ಜನರೆದುರು ರಿಂಗು ಹತ್ತಲಿಲ್ಲ. ಅವನ ಹೆಸರಿನಲ್ಲಿ ಒಂದೇ ಒಂದು ಪಂದ್ಯ ಇಲ್ಲ.

ಹತ್ತೊಂಬತ್ತರಲ್ಲಿ ಅತಿ ಕಷ್ಟದವನು ಎಡಚ. ಎಡಗೈ ಆಟಗಾರ, ಬಲಗಾಲು ಮುಂದಿಟ್ಟು, ಎಡ ಭುಜ ಇಳಿಬಿಟ್ಟು, ಎತ್ತಲಿಂದ ಹೊಡೆಯುತ್ತಾನೆಂದು ಗೊತ್ತೇ ಆಗದ ಹಾಗೆ ಹೊಡೆಯುತ್ತಿದ್ದ. ಅವನಾಗಲು ಮೂಟೆಗೆ ಮೂರು ತಿಂಗಳು ಹಿಡಿಯಿತು. ಮನೆಯಲ್ಲೂ ಎಡಗೈಯಲ್ಲೇ ಹಲ್ಲುಜ್ಜುತ್ತಿದ್ದ, ಎಡಗೈಯಲ್ಲೇ ಬೀಗ ತೆಗೆಯುತ್ತಿದ್ದ, ಲೋಟ ಎತ್ತಲು ಹೋಗಿ ಚೆಲ್ಲುತ್ತಿದ್ದ. ಆಗಿನ್ನೂ ಹೊಸ ಸಂಸಾರ. “ಮನೆಗೆ ಬರುವಾಗ ನನ್ನ ಗಂಡನಾಗಿ ಬನ್ನಿ ಅಂದ್ರೆ, ಅವನ್ಯಾರೋ ಎಡಚನ್ನ ಕರ್ಕೊಂಡ್ ಬರ್ತೀರಲ್ರೀ!” ಎಂದು ಅವಳು ನಗುತ್ತಿದ್ದಳು. ಪಂದ್ಯಕ್ಕೆ ಮೂರು ವಾರ ಇರುವಾಗ, ತಾಲೀಮಿನಲ್ಲಿ, ಮೂಟೆಯ ಎಡಗೈ ಬೆಟ್ಟನ ಪಕ್ಕೆಲುಬಿಗೆ ತಾಗಿ ಎಲುಬು ಮುರಿಯಿತು. ಬೆಟ್ಟ, ತಾಲೀಮು ಕೊಡುವ ಮಾಸ್ತರು, ಮೂಟೆ, ಈ ಮೂವರನ್ನು ಬಿಟ್ಟು ಹೊರಗೆ ಯಾರಿಗೂ ತಿಳಿಯಲಿಲ್ಲ. ಮೂಟೆ ಹೆಂಡತಿಗೆ ಹೇಳಿದ, ಅದು ಬೇರೆ ಮಾತು. ಬೆಟ್ಟ ಪಕ್ಕೆಗೆ ಪಟ್ಟಿ ಬಿಗಿದುಕೊಂಡೇ ರಿಂಗು ಹತ್ತಿ, ನಿಜವಾದ ಎಡಚನನ್ನು ಹೇಗೋ ಅಂಕಗಳ ಮೇಲೆ ಗೆದ್ದ.

ಇಷ್ಟೆಲ್ಲದರ ಫಲ ಮೂಟೆಗೆ ಐವತ್ತೈದಕ್ಕೇ ಶುರುವಾಯಿತು. ಮೊದಲು ಕೈ ನಡುಗಿತು, ಆಮೇಲೆ ನಾಲಿಗೆ ದಪ್ಪವಾಯಿತು, ಆಮೇಲೆ ಕಾಲು ಹೇಳಿದ ಮಾತು ಕೇಳದಾಯಿತು. ಈಗ ಅರವತ್ತೆಂಟು. ನೆನಪು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಕಳೆದ ವರ್ಷ ಅವಳು ಕೆಲಸಕ್ಕೆ ಹೋದಾಗ ಬಚ್ಚಲಿನಲ್ಲಿ ಬಿದ್ದ. ಅವಳು ಬರುವಾಗ ಅವನ ಮೈ ಬಾಗಿಲಿಗೆ ಅಡ್ಡ, ತಳ್ಳಿದರೆ ಬಾಗಿಲು ಬರುವುದಿಲ್ಲ. ನಾಲ್ಕು ಗಂಟೆ ಹಾಗೇ ಬಿದ್ದಿದ್ದನಂತೆ. ಒಳಗಿನಿಂದ ಹೇಳುತ್ತಾನೆ, “ರೆಫರಿ ಎಣಿಸೋದನ್ನೇ ಮರೆತ ಕಣೇ.” ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತಳು. ಅವಳದು ಐವತ್ತು ಕಿಲೋ, ಅವನದು ಇನ್ನೂ ತೊಂಬತ್ತು. ಎತ್ತಲು ಪಕ್ಕದ ಮನೆಯ ಇಬ್ಬರು ಬಂದರು. ಆ ವರ್ಷ ಒಟ್ಟು ಏಳು ಸಲ ಬಂದರು. ಎಂಟನೇ ಸಲ ಕರೆಯಲು ಹೋದಾಗ ಒಳಗೆ ಟಿವಿ ಸದ್ದು ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಇನ್ನೊಂದು ಸಲ ತಲೆ ನೆಲಕ್ಕೆ ಬಡಿದರೆ ತಾನೇನೂ ಮಾಡಲಾಗದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಊರಾಚೆ ಬಾಕ್ಸಿಂಗ್ ಸಂಘದವರ ಆಶ್ರಯಧಾಮ ಒಂದಿತ್ತು, ಹಳೆಯ ಆಟಗಾರರಿಗೆಂದೇ. ಎಲ್ಲವೂ ನೆಲಮಟ್ಟದ ಕೋಣೆಗಳು, ಗೋಡೆಯುದ್ದಕ್ಕೂ ಹಿಡಿಯಲು ಸರಳು, ಬೀಳುವ ಮುಂಚೆ ಹಿಡಿದುಕೊಳ್ಳುವಂಥ ಗಟ್ಟಿಮುಟ್ಟಾದ ದಾದಿಯರು. ಇಪ್ಪತ್ತೆರಡು ಹಾಸಿಗೆ. ಅಲ್ಲೊಂದು ಹಾಸಿಗೆ ಸಿಕ್ಕರೆ ಅವನು ಬದುಕುತ್ತಾನೆ, ಸಿಗದಿದ್ದರೆ ಬಚ್ಚಲಿನಲ್ಲಿ ಸಾಯುತ್ತಾನೆ, ಇಷ್ಟೇ ಅವಳ ತಲೆಯಲ್ಲಿ ಇದ್ದದ್ದು. ಆದರೆ ಅಲ್ಲಿ ಸೇರಲು ಒಂದಾದರೂ ಅಧಿಕೃತ ಪಂದ್ಯ ಆಡಿರಬೇಕು. ಇಲ್ಲವೇ ಚಾಂಪಿಯನ್ ಆದವರೊಬ್ಬರು ಸ್ವಂತ ಕೈಯಲ್ಲಿ ಶಿಫಾರಸು ಬರೆದಿರಬೇಕು. ತಾಲೀಮು ಪಂದ್ಯವಲ್ಲವಂತೆ! ಒಂದು ಸಂಜೆ ಏಟು ತಿಂದವನು ಆಟಗಾರ, ಹನ್ನೊಂದು ವರ್ಷ ತಿಂದವನು ಯಾರೂ ಅಲ್ಲ. ಇದ್ಯಾವ ಸೀಮೆಯ ನ್ಯಾಯವೋ ಅದನ್ನು ಬರೆದವರನ್ನೇ ಕೇಳಬೇಕು.

ಹಾಗಾಗಿ ಬೆಟ್ಟ ಸಾಯುವ ನಾಲ್ಕು ತಿಂಗಳ ಹಿಂದೆ ಅವಳು ಗಂಡನಿಗೆ ಒಳ್ಳೆಯ ಅಂಗಿ ಹಾಕಿಸಿ, ಎರಡು ಬಸ್ಸು ಬದಲಿಸಿ, ಬೆಟ್ಟನ ಮನೆಗೆ ಕರೆದುಕೊಂಡು ಹೋದಳು. ಬೆಟ್ಟನ ಸೊಸೆ ಒಳಗೆ ಕರೆದಳು. ಕಿಟಕಿಯ ಪಕ್ಕ ದೊಡ್ಡ ಕುರ್ಚಿಯಲ್ಲಿ ಬೆಟ್ಟ ಕೂತಿದ್ದ, ಮೊಣಕಾಲ ಮೇಲೆ ಹೊದಿಕೆ. ಅವನ ತಲೆಯೂ ಮಂಕಾಗಿತ್ತು. ಏಟು ಕೊಟ್ಟವನಿಗೂ ತಿಂದವನಿಗೂ ಕೊನೆಗೆ ಒಂದೇ ಗತಿ, ಕುರ್ಚಿ ಮಾತ್ರ ಬೇರೆ ಬೇರೆ.

“ನಿಮ್ಮ ಜೊತೆ ಹನ್ನೊಂದು ವರ್ಷ ತಾಲೀಮು ಮಾಡಿದವರು ಇವರು,” ಎಂದಳು ಅವಳು. “ಮೂಟೆ ಅಂತ ಕರೀತಿದ್ರಿ.”

ಬೆಟ್ಟ ಮರ್ಯಾದೆಗೆ ನಕ್ಕ. ಕಣ್ಣಲ್ಲಿ ಗುರುತಿರಲಿಲ್ಲ. “ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದ, ಬಂದವರಿಗೆಲ್ಲ ಹೇಳುವ ಹಾಗೆ. ಅವಳು ತಾಲೀಮಿನ ಹಾಲ್‌ನ ಹೆಸರು ಹೇಳಿದಳು, ಮಾಸ್ತರ ಹೆಸರು ಹೇಳಿದಳು. ಊಹೂಂ, ಏನೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅವಳ ಗಂಡ, ಯಾರೂ ಹೇಳದೆ, ಟೀಪಾಯಿ ಹಿಡಿದು ಎದ್ದು ನಿಂತ. ನಡುಗುವ ಬಲಗಾಲು ಮುಂದಿಟ್ಟ. ಎಡ ಭುಜ ಇಳಿಬಿಟ್ಟ. ಗಲ್ಲ ಒಳಗೆಳೆದುಕೊಂಡ.

ಬೆಟ್ಟ ಕುರ್ಚಿಯಿಂದ ಎದ್ದೇಬಿಟ್ಟ. ಹೊದಿಕೆ ನೆಲಕ್ಕೆ ಬಿತ್ತು. “ಲೋ ಎಡಚಾ!” ಎಂದು ಕೂಗಿದ. “ಬದುಕಿದ್ದೀಯೇನೋ! ನನ್ನ ಪಕ್ಕೆ ಮುರಿದೆಯಲ್ಲೋ, ಪಾಪಿ! ಉಸಿರಾಡೋಕಾಗ್ತಿರ್ಲಿಲ್ಲ ಕಣೋ ನಂಗೆ!” ಬಾಚಿ ತಬ್ಬಿಕೊಂಡ. ಇಬ್ಬರು ಮುದುಕರೂ ಒಬ್ಬರ ಮೇಲೊಬ್ಬರು ಭಾರ ಹಾಕಿ ತೂಗಾಡುತ್ತ ನಿಂತರು, ಸೊಸೆ ಓಡಿ ಬಂದು ಇಬ್ಬರನ್ನೂ ಹಿಡಿದುಕೊಂಡಳು. “ಎಡಚ ಅಲ್ಲ,” ಎಂದು ಹೇಳಲು ಇಸ್ತ್ರಿಯಾಕೆ ಬಾಯಿ ತೆರೆದಳು. ಗಂಡ ಬೆಟ್ಟನ ಹೆಗಲ ಮೇಲಿನಿಂದ ಅವಳತ್ತ ಕಣ್ಣು ಬಿಟ್ಟು, ಬೇಡ ಎಂದು ತಲೆಯಾಡಿಸಿದ.

ಬೆಟ್ಟ ಅವತ್ತು ಕಾಗದ ಪೆನ್ನು ತರಿಸಿ ಅರ್ಧ ಗಂಟೆ ಹಿಡಿದು ನಾಲ್ಕು ಸಾಲು ಬರೆದ. ‘ನನ್ನೆದುರು ನಿಂತವರಲ್ಲೆಲ್ಲ ಎಡಚನೇ ಗಟ್ಟಿಗ. ಅವನಿಗೆ ಹೆದರಿದಷ್ಟು ನಾನು ಯಾರಿಗೂ ಹೆದರಿಲ್ಲ. ಇವನನ್ನು ಚೆನ್ನಾಗಿ ನೋಡಿಕೊಳ್ಳಿ.’ ಕೆಳಗೆ ಸಹಿ. ಆ ಸಹಿಗೆ ಊರಿನಲ್ಲಿ ಯಾವ ಬಾಗಿಲಾದರೂ ತೆರೆಯುತ್ತಿತ್ತು, ಹೆಸರು ಒಂದು ಸರಿಯಿದ್ದಿದ್ದರೆ.

ಬಸ್ಸಿನಲ್ಲಿ ಅವಳು ಮೈಮೇಲೆ ಬಂದವಳಂತೆ ರೇಗಿದಳು. “ಬಾಯಿಗೇನು ಬೀಗ ಹಾಕ್ಕೊಂಡಿದ್ರಾ? ನಾನು ಮೂಟೆ ಅಂತ ಒಂದು ಮಾತು ಹೇಳೋಕೇನಾಗಿತ್ತು ರೋಗ?”

“ಎದ್ದು ನಿಂತ ಕಣೇ,” ಎಂದ ಅವನು. “ನನ್ನ ನೋಡಿ ಎದ್ದು ನಿಂತ.”

“ನಿಮ್ಮನ್ನ ನೋಡಿ ಅಲ್ಲ, ಎಡಚನ್ನ ನೋಡಿ!”

“ಪಕ್ಕೆ ಮುರಿದಿದ್ದು ನಾನು ತಾನೇ?”

ಅವಳು ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು. ಆಮೇಲೆ ಬೆಟ್ಟನ ಸೊಸೆಗೆ ಫೋನು ಮಾಡಿ, ಅವರ ತಲೆ ತಿಳಿಯಾಗಿರುವ ದಿನ ನೋಡಿ ಹೇಳಿ, ಇನ್ನೊಂದು ಕಾಗದ ಬರೆಸಿಕೊಳ್ಳುತ್ತೇನೆ ಎಂದು ಬೇಡಿಕೊಂಡಳು. ಮುಂದಿನ ತಿಂಗಳು ಬನ್ನಿ ಎಂದರು. ಮತ್ತೆ ಮುಂದಿನ ತಿಂಗಳು ಎಂದರು. ಹಾಗೆ ನಾಲ್ಕು ತಿಂಗಳು ಹೋಯಿತು, ಬೆಟ್ಟನೂ ಹೋದ. ಈಗ ಗೊತ್ತಾಯಿತಲ್ಲ, ಲಾಂಡ್ರಿಯಲ್ಲಿ ಅವಳು ಅತ್ತದ್ದು ಯಾಕೆಂದು.

ಮನೆಗೆ ಬಂದರೆ ಗಂಡ ರೇಡಿಯೋ ಮುಂದೆ ಕೂತು ಅಳುತ್ತಿದ್ದ. ಅವಳಿಗೆ ಅದನ್ನು ಕಂಡೂ ಉರಿಯಿತು. “ನಿಮ್ಮ ತಲೆ ಕೆಡಿಸಿ ಹೋದ, ಅವನಿಗೋಸ್ಕರ ಅಳ್ತೀರಾ?”

“ಅವನು ಮೆತ್ತಗೆ ಹೊಡೀತಿದ್ದ ಕಣೇ ನಂಗೆ,” ಎಂದ ಅವನು. “ಮಾಸ್ತರು ನೋಡ್ದೇ ಇದ್ದಾಗ.”

ಐದನೇ ದಿನ ಒಳಾಂಗಣ ಕ್ರೀಡಾಂಗಣದಲ್ಲಿ ಸಂತಾಪ ಸಭೆ. ಅವಳು ಗಂಡನನ್ನು ಬಾಡಿಗೆ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದಳು. ಮಾಸ್ತರು ಬಂದೇ ಬರುತ್ತಾರೆ, ಅವರಿಂದ ಒಂದು ಮಾತು ಬರೆಸಿಕೊಂಡರೆ ಆದೀತು ಎಂಬ ಆಸೆ. ಬಾಗಿಲಲ್ಲಿ ಬೆಟ್ಟನ ತಾಲೀಮಿನ ಒಂದು ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ ನಿಲ್ಲಿಸಿದ್ದರು. ಬೆಟ್ಟನ ಮುಷ್ಟಿ ಯಾರದೋ ತಲೆಗೆ ತಾಗಿದೆ. ಆ ಯಾರದೋ ತಲೆಗೆ ರಕ್ಷಾಕವಚ, ಕ್ಯಾಮೆರಾಕ್ಕೆ ಬೆನ್ನು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕುರ್ಚಿ ಅಡ್ಡ ಬಂತೆಂದು ಒಬ್ಬ ಅವಳ ಗಂಡನನ್ನೇ ಪಕ್ಕಕ್ಕೆ ಸರಿಸಿದ. ಅವಳಿಗೆ ಆ ಬೆನ್ನು ಗೊತ್ತಿತ್ತು, ಆ ಬೆನ್ನಿಗೆ ಎಷ್ಟು ಸಂಜೆ ಬಿಸಿನೀರಿನ ಬಟ್ಟೆ ಒತ್ತಿದ್ದಳೋ. ಯಾರಿಗೆ ಹೇಳುವುದು?

ಮಾಸ್ತರಿಗೆ ಎಂಬತ್ತಾರು. ಕಿವಿಯ ಹತ್ತಿರ ಬಗ್ಗಿ ಹೇಳಬೇಕಾಯಿತು. ಅವರು ಮೂಟೆಯ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು, ಗಾಯ ನೋಡುವ ಹಾಗೆ. “ಗೊತ್ತು, ಗೊತ್ತು. ನಂಗೆ ಸಿಕ್ಕಿದವರಲ್ಲೆಲ್ಲ ಇವನೇ ಒಳ್ಳೇ ಮೂಟೆ,” ಎಂದರು. ಅವಳ ಎದೆ ಹಗುರಾಯಿತು. ಆದರೆ ಮಾಸ್ತರು ಮಾತು ಮುಗಿಸಿರಲಿಲ್ಲ. “ನಾನು ಬರೆದ್ರೆ ನಡೆಯಲ್ಲಮ್ಮ. ನಾನು ಚಾಂಪಿಯನ್ ಅಲ್ಲವಲ್ಲ. ನನ್ನ ತಮ್ಮನನ್ನೇ ಸೇರಿಸೋಕಾಗ್ಲಿಲ್ಲ ಅಲ್ಲಿ.”

ಇನ್ನು ಉಳಿದದ್ದು ಸಂಘದ ಕಚೇರಿ. ಮರುದಿನವೇ ಗಂಡನನ್ನೂ ಕರೆದುಕೊಂಡು ಹೋದಳು. ಗುಮಾಸ್ತ ಕನ್ನಡಕದವನು, ಮೇಜಿನ ಮೇಲೆ ಬೆಟ್ಟನ ಚಿತ್ರ, ಅದಕ್ಕೆ ಕಪ್ಪು ಪಟ್ಟಿ. ಬೇರೆ ದಾರಿ ಕಾಣದೆ ಅವಳು ಆ ತಪ್ಪು ಹೆಸರಿನ ಕಾಗದವನ್ನೇ ಮುಂದಿಟ್ಟಳು. ಹೆಸರು ತಪ್ಪಿದ್ದರೂ ಸಹಿ ಸರಿಯಿದೆ, ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಕರುಣೆ ಬಂದೀತು ಎಂದುಕೊಂಡಿದ್ದಳು.

ಗುಮಾಸ್ತ ಕಾಗದ ಓದಿ ಕುರ್ಚಿಯಿಂದ ಅರ್ಧ ಎದ್ದ. “ಎಡಚ! ಎಲ್ಲಿದ್ರಿ ಸಾರ್ ಇಷ್ಟು ವರ್ಷ? ಹಡಗಿನ ಕೆಲಸಕ್ಕೆ ಹೋದ್ರು, ಆಮೇಲೆ ಸುದ್ದೀನೇ ಇಲ್ಲ ಅಂತಿದ್ರು. ನಿಮ್ಮ ಹೆಸರು ನಮ್ಮ ಪಟ್ಟೀಲಿ ಮೊದಲೇ ಇದೆ!” ಎಂದು ಮೂಟೆಯ ಕೈ ಹಿಡಿದ. “ನೀವೇ ತಾನೇ ಎಡಚ?”

ಮೂಟೆ ಹೆಂಡತಿಯ ಮುಖ ನೋಡಿದ. ಆಮೇಲೆ ನಿಧಾನವಾಗಿ, ನಾಲಿಗೆ ಹೊರಳಿಸಿ, “ಮೂರು ತಿಂಗಳು ಆಗಿದ್ದೆ,” ಎಂದ.

ಗುಮಾಸ್ತ ನಕ್ಕ. ಅವಳು ನಗಲಿಲ್ಲ. ಇವರು ಎಡಚ ಅಲ್ಲ, ಎಡಚನ ಹಾಗೆ ನಿಲ್ಲುತ್ತಿದ್ದವರು ಎಂದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಗುಮಾಸ್ತನ ನಗು ಇಳಿಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದ.

“ಅಮ್ಮಾ, ನೀವು ಹೇಳಿದ್ದು ಯಾವುದೂ ನಂಗೆ ಕೇಳಿಸ್ಲಿಲ್ಲ,” ಎಂದ. “ಈ ಕಾಗದ ಎಡಚಂದು. ಎಡಚ ಬಂದಿದ್ರೆ ಸೋಮವಾರಾನೇ ಹಾಸಿಗೆ ಇದೆ. ಮೂಟೆ ಬಂದಿದ್ರೆ ಈ ಜನ್ಮದಲ್ಲಿ ಇಲ್ಲ. ಗುರುತಿನ ಕಾಗದ ಕಳೆದಿದೆ ಅಂತ ನಾನು ಬರ್ಕೋತೀನಿ, ಅಲ್ಲಿರೋ ಅರ್ಧ ಜನದ್ದು ಕಳೆದೇ ಇದೆ. ಮುರಿದ ಮೂಗು ಎಲ್ರಿಗೂ ಒಂದೇ ಥರ. ಯೋಚನೆ ಮಾಡಿ.”

ಅವಳು ಕೇಳಿದ್ದು ಒಂದೇ. “ನಾನು ನೋಡೋಕೆ ಬರಬಹುದಲ್ವಾ?”

ಗುಮಾಸ್ತ ಹಳೆಯ ದಪ್ಪ ಪುಸ್ತಕ ತೆಗೆದು ಬೆರಳಾಡಿಸಿದ. ಎಡಚ, ಅವಿವಾಹಿತ, ಒಬ್ಬನೇ ಮಗ, ತಂದೆತಾಯಿ ಇಲ್ಲ. ಹಿಂದೆ ಯಾರ‍್ಯಾರೋ ಅಭಿಮಾನಿಗಳ ವೇಷದಲ್ಲಿ ಬಂದು ಮುದುಕರ ಪದಕ ಕದ್ದಿದ್ದರಿಂದ, ಪುಸ್ತಕದಲ್ಲಿರುವ ನೆಂಟರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. “ಹೆಂಡ್ತಿ ಅಂತೀರಾ, ಮದುವೆ ಪತ್ರ ಕೇಳ್ತಾರೆ. ನಿಮ್ಮ ಪತ್ರದಲ್ಲಿ ಯಾರ ಹೆಸರಿದೆ ಹೇಳಿ?” ಎಂದ. ಆಮೇಲೆ ಅವಳ ಮುಖ ನೋಡಲಾಗದೆ ಪುಸ್ತಕ ಮುಚ್ಚಿದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು.

ಶನಿವಾರ, ಭಾನುವಾರ, ಎರಡು ದಿನ ಅವಳು ಯೋಚಿಸಿದಳು. ಯೋಚಿಸುವುದೇನು ಬಂತು! ಅಡುಗೆಮನೆಯಲ್ಲಿ ನಿಂತರೂ ಕಿವಿ ಬಚ್ಚಲಿನ ಕಡೆಗೇ ಇರುತ್ತಿತ್ತು. ಒಳಗೆ ಹೋದರೆ ಅವನು ಎಡಚ. ಅಲ್ಲಿ ಕರೆಯುವುದೂ ಎಡಚ ಎಂದು, ಜ್ವರ ಬಂದರೆ ಬರೆಯುವುದೂ ಎಡಚ ಎಂದು. ನಾಳೆ ಹೆಚ್ಚುಕಡಿಮೆಯಾದರೆ ತನಗೆ ಯಾರು ಹೇಳಿ ಕಳಿಸುತ್ತಾರೆ? ಪತ್ರಿಕೆಯಲ್ಲಿ ಎಡಚ ತೀರಿಕೊಂಡ ಎಂದು ಬಂದರೆ, ಲಾಂಡ್ರಿಯ ಹೆಂಗಸರು ಓದಿ ಹೇಳಿದರೆ, ಆಗ ತಿಳಿಯಬೇಕು.

ಭಾನುವಾರ ಮಧ್ಯಾಹ್ನ ಗಂಡನಿಗೆ ಕ್ಷೌರ ಮಾಡುತ್ತ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವತ್ತು ಅವನ ತಲೆ ತಿಳಿಯಾಗಿತ್ತು. ಸೋಪಿನ ನೊರೆ ಮೆತ್ತಿದ ಗಲ್ಲ ಅಲುಗಿಸದೆ ಕೇಳಿಸಿಕೊಂಡ.

“ಹೋಗ್ತೀನಿ,” ಎಂದ. “ನೀನು ಒಬ್ಳೇ ಎತ್ತೋಕಾಗಲ್ಲ.” ಆಮೇಲೆ, “ಇಲ್ಲಿ ಯಾರಾದ್ರೂ ಮೂಟೆ ಎಲ್ಲಿ ಅಂತ ಕೇಳಿದ್ರೆ ಏನಂತೀಯ?” ಎಂದ.

“ಯಾರು ಕೇಳ್ತಾರ‍್ರೀ?” ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಮಾತ್ರ ಹೌದು ಹೌದು ಎನ್ನುವ ಹಾಗೆ ತಲೆಯಾಡಿಸಿದ, ಬ್ಲೇಡು ತಾಗಿ ಸ್ವಲ್ಪ ರಕ್ತ ಬಂತು.

ಸೋಮವಾರ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು. ಧಾಮ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಬಾರದು. ಗೋಡೆಗೆ ಸರಳು, ನೆಲಕ್ಕೆ ಮೆತ್ತನೆಯ ಹಾಸು, ಅಂಗಳದಲ್ಲಿ ನಾಲ್ಕೈದು ಮುದುಕರು ಬಿಸಿಲಿಗೆ ಕೂತಿದ್ದರು. ಎಡಚ ಬಂದ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ, “ಬೆಟ್ಟನ್ನ ಹನ್ನೆರಡು ಸುತ್ತು ಕುಣಿಸಿದ ಗಂಡು ಕಣ್ರೋ ಇವನು!” ಎಂದು ಕೂಗಿದ. ಮೂಟೆಯ ಬೆನ್ನು ನೆಟ್ಟಗಾಯಿತು. ಬಾಳಿನಲ್ಲಿ ಮೊದಲ ಸಲ ಯಾರೋ ಅವನಿಗೆ ಚಪ್ಪಾಳೆ ತಟ್ಟಿದ್ದರು, ಅದೂ ಬೇರೆಯವನಿಗೆ ಸಲ್ಲಬೇಕಾದದ್ದು. ಅವನು ಎಡಗೈ ಎತ್ತಿ ಅವರಿಗೆ ತೋರಿಸಿದ.

ಕೋಣೆಯಲ್ಲಿ ದಾದಿ ಅವನನ್ನು ಒಂದೇ ಏಟಿಗೆ ಕುರ್ಚಿಯಿಂದ ಎತ್ತಿ ಹಾಸಿಗೆಯ ಮೇಲೆ ಕೂರಿಸಿದಳು. ನೋಡಿ ಇಸ್ತ್ರಿಯಾಕೆಗೆ ಹೊಟ್ಟೆ ತಣ್ಣಗೂ ಆಯಿತು, ಉರಿಯಿತು ಕೂಡ. ದಾದಿ ಫಾರಮ್ಮು ಹಿಡಿದು, ಪೆನ್ನಿನ ಮುಚ್ಚಳ ಕಚ್ಚಿ ತೆಗೆದಳು.

“ಕರ್ಕೊಂಡ್ ಬಂದವರು ನೀವಾ? ಇವರು ನಿಮಗೆ ಏನಾಗಬೇಕು?”

ನಲವತ್ತೊಂದು ವರ್ಷ ಯಾರು ಕೇಳಿದರೂ ಆ ಪ್ರಶ್ನೆಗೆ ಅವಳ ಹತ್ತಿರ ಒಂದೇ ಉತ್ತರವಿತ್ತು. ಆಸ್ಪತ್ರೆಯಲ್ಲಿ, ಮನೆ ಮಾಲೀಕನ ಮುಂದೆ, ಪಕ್ಕದ ಮನೆಯವರ ಬಾಗಿಲಲ್ಲಿ, ಎಲ್ಲೆಲ್ಲಿ ಹೇಳಿದ್ದಳೋ ಅದನ್ನು.

“ಏನೂ ಆಗಬೇಕಿಲ್ಲ,” ಎಂದಳು. “ಒಂದೇ ಕಟ್ಟಡದಲ್ಲಿದ್ವಿ.”

ದಾದಿ ಬರೆದುಕೊಂಡಳು. ಅವಳು ಚೀಲದಿಂದ ಅವನ ಟವಲು, ಹಲ್ಲುಜ್ಜುವ ಬ್ರಷ್ಷು, ತಾನೇ ಇಸ್ತ್ರಿ ಹಾಕಿದ ಆರು ಅಂಗಿ ತೆಗೆದು ಮೇಜಿನ ಮೇಲಿಟ್ಟಳು. ಮೇಲಿನ ಅಂಗಿಯ ಕಾಲರು ಸರಿಪಡಿಸಲು ಹೋದ ಕೈಯನ್ನು, ಒಂದೇ ಕಟ್ಟಡದವರು ಅಷ್ಟೆಲ್ಲ ಮಾಡುವುದಿಲ್ಲವೆಂದು, ಹಿಂದಕ್ಕೆ ತೆಗೆದುಕೊಂಡಳು. ಹೊರಡುವ ಮುಂಚೆ ಅವನ ಮುಂದೆ ನಿಂತಳು.

ಅವನೇ ಮಾತಾಡಿದ. “ತುಂಬಾ ಉಪಕಾರ ಆಯ್ತು. ನಂಗೋಸ್ಕರ ಇಷ್ಟು ದೂರ ಬಂದ್ರಿ,” ಎಂದ. “ನೀವಿನ್ನು ಹೋಗ್ಬನ್ನಿ ಅಮ್ಮಾ, ಬಸ್ಸು ತಪ್ಪುತ್ತೆ.”

ನಲವತ್ತೊಂದು ವರ್ಷದಲ್ಲಿ ಅವನು ಅವಳನ್ನು ನೀವು ಎಂದದ್ದು ಅದೇ ಮೊದಲು. ನಾಟಕವಾಡುತ್ತಿದ್ದಾನೋ, ನಿಜಕ್ಕೂ ಮರೆತನೋ ಎಂದು ಅವಳು ಅವನ ಮುಖವನ್ನೇ ನೋಡಿದಳು. ಗೊತ್ತಾಗಲಿಲ್ಲ. ದಾದಿ ಪಕ್ಕದಲ್ಲೇ ನಿಂತಿದ್ದಳು, ಕೇಳುವ ಹಾಗಿರಲಿಲ್ಲ.